ಎಲುಬಿನ ಶಸ್ತ್ರವೈದ್ಯರಿಗೆ ಕನ್ನಡಕದೊಳಗಿನ ಪಾಠಶಾಲೆ: ಕಲಿಕೆಯ ಖರ್ಚು ಯಾರ ಖಾತೆಗೆ?

ಭಂಕೂರ, ಶಹಾಬಾದ್, ವಾಡಿ ಸುತ್ತಲಿನ ಫರಸಿ ಕಲ್ಲಿನ ಉದ್ದಿಮೆದಾರರಿಗೆ ಕೆಲಸಗಾರನ ಕಾಲಿನ ಮೇಲೆ ಕಲ್ಲು ಬಿದ್ದರೆ ಏನಾಗುತ್ತದೆ ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಗಣಿಯಿಂದ ಕಲ್ಲು ಎತ್ತುವಾಗ, ಲಾರಿಗೆ ಹೇರುವಾಗ, ಪಾಲಿಶ್ ಯಂತ್ರಕ್ಕೆ ಒಡ್ಡುವಾಗ ಒಂದು ಹಲಗೆ ಜಾರಿದರೆ ಸಾಕು, ಕಣಕಾಲಿನ ಎಲುಬು ಮುರಿಯುತ್ತದೆ. ಸೇಡಂ, ಚಿತ್ತಾಪುರ ಭಾಗದ ಸಿಮೆಂಟ್ ಸಾಗಣೆಯವರಿಗೂ ಕಲಬುರಗಿಯ ಬೇಳೆ ಗಿರಣಿಯವರಿಗೂ ಇಂತಹ ಪ್ರಸಂಗಗಳು ಹೊಸತಲ್ಲ. ಗಾಯಾಳುವನ್ನು ಕಲಬುರಗಿಗೋ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಸಾಗಿಸುವುದು, ‘ರಾಡ್ ಹಾಕಿದ್ದಾರೆ, ಮೂರು ತಿಂಗಳಲ್ಲಿ ನಡೆಯುತ್ತಾನೆ’ ಎಂಬ ಮಾತು ಕೇಳಿ ನಿಟ್ಟುಸಿರು ಬಿಡುವುದು, ಆ ಮೂರು ತಿಂಗಳು ಕೆಲವೊಮ್ಮೆ ಆರಾಗುವುದು, ಆರು ಒಂದು ವರ್ಷವಾಗುವುದು, ಇವೆಲ್ಲ ವ್ಯವಹಾರದ ಭಾಗವೇ ಆಗಿಬಿಟ್ಟಿವೆ.

ಮೂರು ತಿಂಗಳಿಗೂ ಆರು ತಿಂಗಳಿಗೂ ನಡುವಿನ ವ್ಯತ್ಯಾಸಕ್ಕೆ ಹಲವು ಕಾರಣಗಳಿರಬಹುದು: ಗಾಯದ ತೀವ್ರತೆ, ಸೋಂಕು, ಪಥ್ಯ, ರೋಗಿಯ ವಯಸ್ಸು. ಆದರೆ ಶಸ್ತ್ರವೈದ್ಯನ ಕೈ ಎಷ್ಟು ಪಳಗಿದೆ ಎಂಬುದೂ ಅವುಗಳಲ್ಲೊಂದು. ಆ ಕೈ ಎಲ್ಲಿ, ಯಾರ ಮೇಲೆ, ಯಾರ ಖರ್ಚಿನಲ್ಲಿ ಪಳಗಿತು ಎಂಬ ಪ್ರಶ್ನೆಯನ್ನು ವರ್ತಕ ಸಮುದಾಯ ಇದುವರೆಗೆ ಕೇಳಿಲ್ಲ. ಶಸ್ತ್ರಚಿಕಿತ್ಸೆಯ ತರಬೇತಿಯಲ್ಲಿ ವರ್ಚುವಲ್ ರಿಯಾಲಿಟಿ ಎಂಬ ತಂತ್ರಜ್ಞಾನ ಕಾಲಿಟ್ಟಿರುವ ಈ ಹೊತ್ತಿನಲ್ಲಿ ಅದನ್ನು ಕೇಳುವುದು ಸಕಾಲಿಕ.

ಒಂದು ಕಾಲಿನ ಲೆಕ್ಕ

ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ, ಆದ್ದರಿಂದ ನೌಕರರ ರಾಜ್ಯ ವಿಮಾ ಯೋಜನೆಯ, ಅಂದರೆ ಇಎಸ್‌ಐಯ ವ್ಯಾಪ್ತಿಗೆ ಬಾರದ ಒಂದು ಸಣ್ಣ ಕಲ್ಲಿನ ಘಟಕವನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ತಿಂಗಳಿಗೆ 15,000 ರೂ. ವೇತನ ಪಡೆಯುವ 30 ವರ್ಷದ ಕೆಲಸಗಾರನ ಕಾಲು ಕೆಲಸದ ಸ್ಥಳದಲ್ಲಿಯೇ ಮುರಿದಿದೆ. 1923ರ ಪರಿಹಾರ ಕಾಯ್ದೆಯ ಸೂತ್ರವನ್ನು, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಮುಂದುವರಿಸಿದೆ. ಅದರಂತೆ ತಾತ್ಕಾಲಿಕ ಅಸಮರ್ಥತೆಯ ಕಾಲದಲ್ಲಿ ಪ್ರತಿ ಅರ್ಧ ತಿಂಗಳಿಗೊಮ್ಮೆ ಮಾಸಿಕ ವೇತನದ ಶೇ. 25ರಷ್ಟು, ಅಂದರೆ 3,750 ರೂ. ಸಲ್ಲಬೇಕು. ಮೂರು ತಿಂಗಳಿಗೆ ಇದು 22,500 ರೂ.; ಆರು ತಿಂಗಳಾದರೆ 45,000 ರೂ.

ಇದು ಸಣ್ಣ ಬಾಬ್ತು. ಕಾಲು ಸೊಟ್ಟಗೆ ಕೂಡಿಕೊಂಡು ಅಥವಾ ಗಿಡ್ಡವಾಗಿ, ಗಳಿಕೆಯ ಸಾಮರ್ಥ್ಯ ಶಾಶ್ವತವಾಗಿ ಶೇ. 10ರಷ್ಟು ಕುಂದಿದೆ ಎಂದು ವೈದ್ಯರು ಪ್ರಮಾಣೀಕರಿಸಿದರೆ ಲೆಕ್ಕವೇ ಬೇರೆ. ಪೂರ್ಣ ಶಾಶ್ವತ ಅಸಮರ್ಥತೆಗೆ ವೇತನದ ಶೇ. 60ನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. 30 ವರ್ಷಕ್ಕೆ ಆ ಗುಣಕ 207.98. ಅಂದರೆ 9,000 ರೂ. ಗುಣಿಸು 207.98, ಒಟ್ಟು 18,71,820 ರೂ. ಅದರ ಹತ್ತನೆಯ ಒಂದು ಭಾಗ 1,87,182 ರೂ. ಆಸ್ಪತ್ರೆಯ ಬಿಲ್ಲು, ಬದಲಿ ಕೆಲಸಗಾರನ ಕೂಲಿ, ನಿಂತ ಯಂತ್ರ, ತಡವಾದ ಆರ್ಡರು, ಇವು ಯಾವುವೂ ಈ ಮೊತ್ತದಲ್ಲಿ ಸೇರಿಲ್ಲ. ಕೆಲಸಗಾರನ ಮನೆಯಲ್ಲಿ ಆಗುವ ನಷ್ಟವನ್ನು ಯಾವ ಲೆಕ್ಕಪುಸ್ತಕವೂ ಹಿಡಿದಿಡುವುದಿಲ್ಲ.

ರಾಡ್ ಹಾಕುವುದು ಎಂದರೆ

ಜನಸಾಮಾನ್ಯರು ರಾಡ್ ಎನ್ನುವುದನ್ನು ವೈದ್ಯರು ನೇಲ್, ಅಂದರೆ ಮೊಳೆ ಎನ್ನುತ್ತಾರೆ. ಉದ್ದನೆಯ ಎಲುಬಿನ ಪೊಳ್ಳಿನೊಳಗೆ ಲೋಹದ ದಂಡವನ್ನು ಇಳಿಸಿ ಮುರಿದ ತುಂಡುಗಳನ್ನು ಸೇರಿಸಿ ಹಿಡಿಯುವ ಈ ವಿಧಾನವನ್ನು ಜರ್ಮನಿಯ ಗೆರ್ಹಾರ್ಡ್ ಕುಂಚರ್ 1940ರಲ್ಲಿ ತಮ್ಮ ಸಹವೃತ್ತಿಯವರ ಮುಂದಿಟ್ಟರು. ಅಂದು ಹಲವರು ಇದನ್ನು ಸಂಶಯದಿಂದ ಕಂಡರು. ಇಂದು ಕಣಕಾಲು ಹಾಗೂ ತೊಡೆಯ ಎಲುಬಿನ ಮುರಿತಕ್ಕೆ ಇದು ಪ್ರಪಂಚದಾದ್ಯಂತ ರೂಢಿಯಲ್ಲಿರುವ ಚಿಕಿತ್ಸೆ.

ಹೇಳಲು ಸುಲಭವಾದ ಈ ಕ್ರಿಯೆ ಮಾಡಲು ಸುಲಭವಲ್ಲ. ಮೊಣಕಾಲಿನ ಕೆಳಗೆ ಎಲುಬಿನ ತುದಿಯಲ್ಲಿ ಪ್ರವೇಶದ ಬಿಂದುವನ್ನು ಸರಿಯಾಗಿ ಗುರುತಿಸಬೇಕು. ಅದು ಕೆಲವೇ ಮಿಲಿಮೀಟರ್ ಆಚೀಚೆಯಾದರೂ ಕೆಳಗಿನ ತುಂಡು ಓರೆಯಾಗಿ ಕೂಡಿಕೊಳ್ಳಬಹುದು. ಬಳಿಕ ತೆಳುವಾದ ತಂತಿಯೊಂದನ್ನು ಮುರಿತ ದಾಟಿಸಬೇಕು. ಆ ತಂತಿಯ ಜಾಡಿನಲ್ಲಿ ಪೊಳ್ಳನ್ನು ಕೊರೆದು ಅಗಲಿಸಬೇಕು. ದಂಡದ ಉದ್ದ, ದಪ್ಪಗಳನ್ನು ಅಳೆದು ಆರಿಸಬೇಕು. ಅದನ್ನು ಇಳಿಸಿದ ಮೇಲೆ ಎರಡೂ ತುದಿಗಳಲ್ಲಿ ಅಡ್ಡ ಸ್ಕ್ರೂಗಳನ್ನು ಬಿಗಿದು ಭದ್ರಪಡಿಸಬೇಕು. ಕೆಳತುದಿಯ ಸ್ಕ್ರೂ ಹಾಕುವುದು ವಿಶೇಷವಾಗಿ ಕಠಿಣ. ಎಲುಬಿನೊಳಗೆ ಕಣ್ಣಿಗೆ ಕಾಣದಿರುವ ದಂಡದ ರಂಧ್ರಕ್ಕೆ ಹೊರಗಿನಿಂದ ಗುರಿಯಿಟ್ಟು ಕೊರೆಯಬೇಕಾಗುತ್ತದೆ. ಇದಕ್ಕಾಗಿ ಸಿ-ಆರ್ಮ್ ಎಂಬ ಕ್ಷ-ಕಿರಣ ಯಂತ್ರದ ಚಿತ್ರಗಳನ್ನು ಮತ್ತೆ ಮತ್ತೆ ತೆಗೆಯಬೇಕಾಗಿ ಬಂದು, ಹೊಸಬನ ಕೈಯಲ್ಲಿ ಕಿರಣದ ಪ್ರಮಾಣವೂ ಅರಿವಳಿಕೆಯ ಅವಧಿಯೂ ಏರುತ್ತವೆ.

ಇನ್ನು ಕೊರೆಯುವ ಕೆಲಸ. ಎಲುಬು ಒಂದು ಕೊಳವೆಯಂತೆ. ಈಚೆಗೊಂದು ಗಟ್ಟಿ ಪದರ, ನಡುವೆ ಮೆದು ಮಜ್ಜೆ, ಆಚೆಗೆ ಇನ್ನೊಂದು ಗಟ್ಟಿ ಪದರ. ಡ್ರಿಲ್ ಆಚೆಯ ಪದರವನ್ನು ದಾಟಿದ ಕ್ಷಣವೇ ನಿಲ್ಲಬೇಕು, ಏಕೆಂದರೆ ಅದರಾಚೆ ರಕ್ತನಾಳ, ನರಗಳಿವೆ. ಗಣಿಯಲ್ಲಿ ಪದರು ಬಿಡಿಸುವ ನುರಿತ ಕೆಲಸಗಾರನಿಗೆ ಪದರು ಎಲ್ಲಿ ಬಿಟ್ಟಿತೆಂಬುದು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ. ಶಸ್ತ್ರವೈದ್ಯನ ಕೈಗೂ ಅದೇ ಬಗೆಯ ಅರಿವು ಬೇಕು. ಪುಸ್ತಕದಿಂದ ಅದು ಬರುವುದಿಲ್ಲ.

ಹಾಗಾದರೆ ಎಲ್ಲಿಂದ ಬರಬೇಕು? ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ 1889ರಿಂದ ರೂಪಿಸಿದ ಪದ್ಧತಿಯೇ ನೂರು ವರ್ಷಗಳಿಗೂ ಮಿಕ್ಕಿ ಎಲ್ಲೆಡೆ ನಡೆದುಬಂದಿದೆ. ಹಿರಿಯರು ಮಾಡುವುದನ್ನು ನೋಡು, ಕೈಹಿಡಿದು ಸಹಾಯ ಮಾಡು, ಆ ಮೇಲೆ ಅವರ ಕಣ್ಗಾವಲಿನಲ್ಲಿ ನೀನೇ ಮಾಡು. ಅಕ್ಕಸಾಲಿಗನ ಅಂಗಡಿಯಲ್ಲಿಯೂ ಲೇತ್ ಮೆಷಿನ್ನಿನ ಮುಂದೆಯೂ ನಡೆಯುವುದು ಇದೇ ಗುರುಶಿಷ್ಯ ಪದ್ಧತಿ. ಆದರೆ ಲೇತಿನಲ್ಲಿ ಕೆಟ್ಟ ತುಂಡನ್ನು ಗುಜರಿಗೆ ಹಾಕಬಹುದು.

ಕಾಣದ ಬೋಧನಾ ಶುಲ್ಕ

ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಪಾಠ ಹೇಳುವುದಕ್ಕೆ ಖರ್ಚೆಷ್ಟು ಎಂದು ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾಲಯದ ನಾಕ್ಸ್‌ವಿಲ್ ವೈದ್ಯಕೀಯ ಕೇಂದ್ರದ ಬ್ರಿಜಸ್ ಮತ್ತು ಡೈಮಂಡ್ ಎಂಬ ಇಬ್ಬರು 1999ರಲ್ಲಿ ಲೆಕ್ಕ ಹಾಕಿದರು. 14,452 ಶಸ್ತ್ರಚಿಕಿತ್ಸೆಗಳ ದಾಖಲೆಗಳನ್ನು ತೆಗೆದು, ತಜ್ಞರು ತಾವಾಗಿಯೇ ಮಾಡಿದಾಗ ಹಿಡಿದ ಸಮಯವನ್ನು ಕಲಿಯುವವರು ಜೊತೆಗಿದ್ದಾಗ ಹಿಡಿದ ಸಮಯದೊಂದಿಗೆ ಹೋಲಿಸಿದರು. ಹೆಚ್ಚುವರಿ ನಿಮಿಷಗಳಿಗೆ ಬೆಲೆ ಕಟ್ಟಿದಾಗ ತರಬೇತಿ ಮುಗಿಸುವ ಒಬ್ಬೊಬ್ಬ ವೈದ್ಯನಿಗೆ ನಾಲ್ಕು ವರ್ಷಗಳಲ್ಲಿ 47,970 ಡಾಲರ್, ಇಡೀ ದೇಶಕ್ಕೆ ವರ್ಷಕ್ಕೆ 5 ಕೋಟಿ 30 ಲಕ್ಷ ಡಾಲರ್ ಎಂದು ಬಂದಿತು. ಯಾವ ಆಸ್ಪತ್ರೆಯ ಆಯವ್ಯಯದಲ್ಲಿಯೂ ಈ ಶೀರ್ಷಿಕೆಯ ಖರ್ಚು ಇರಲಿಲ್ಲ. ಅದು ಕೊಠಡಿಯ ಬಾಡಿಗೆಯಲ್ಲಿ, ಅರಿವಳಿಕೆ ತಜ್ಞರ ಸಮಯದಲ್ಲಿ, ದಾದಿಯರ ಸಂಬಳದಲ್ಲಿ ಕರಗಿ ಕುಳಿತಿತ್ತು.

ವೆಚ್ಚ ಲೆಕ್ಕಶಾಸ್ತ್ರ ಬಲ್ಲವರಿಗೆ ಇದು ಪರಿಚಿತ ಸಂಗತಿ. ಬೇರೆ ಶೀರ್ಷಿಕೆಗಳಲ್ಲಿ ಅಡಗಿದ ಖರ್ಚನ್ನು ಯಾರೂ ಪ್ರಶ್ನಿಸುವುದಿಲ್ಲ. ಅದನ್ನು ತಗ್ಗಿಸುವ ಯಂತ್ರವೊಂದನ್ನು ಕೊಳ್ಳಬೇಕೆಂದಾಗ ಮಾತ್ರ ‘ಇಷ್ಟೊಂದು ಖರ್ಚೇ?’ ಎಂಬ ಪ್ರಶ್ನೆ ಏಳುತ್ತದೆ. ತರಬೇತಿ ಯಂತ್ರಗಳ ವಿಷಯದಲ್ಲಿ ಆಗುತ್ತಿರುವುದೂ ಇದೇ.

ಹಾರ್ಮೋನಿಯಂ ತಿದಿ, ಆಟಿಕೆಯ ಗೊಂಬೆ

ನಿಜವಾದ ಕೆಲಸಕ್ಕೆ ಮೊದಲು ಹುಸಿ ಯಂತ್ರದ ಮೇಲೆ ಕೈ ಪಳಗಿಸಿಕೊಳ್ಳುವ ಕ್ರಮ ಬಂದದ್ದು ವಿಮಾನ ಕ್ಷೇತ್ರದಿಂದ. ತಂದವನು ಒಬ್ಬ ಸಣ್ಣ ಕೈಗಾರಿಕೋದ್ಯಮಿಯ ಮಗ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ಎಡ್ವಿನ್ ಲಿಂಕ್ ಅವರ ತಂದೆ ಪಿಯಾನೊ ಹಾಗೂ ಆರ್ಗನ್ ವಾದ್ಯಗಳ ಕಾರ್ಖಾನೆ ನಡೆಸುತ್ತಿದ್ದರು. ಆರ್ಗನ್ನಿಗೆ ಗಾಳಿಯೂದುವ ತಿದಿ ನಮ್ಮ ಹಾರ್ಮೋನಿಯಂ ತಿದಿಯ ದೊಡ್ಡಣ್ಣ. ಆ ತಿದಿಗಳನ್ನೇ ಬಳಸಿ, ಕುಳಿತವನನ್ನು ವಿಮಾನದಂತೆ ಓಲಾಡಿಸುವ ಪೆಟ್ಟಿಗೆಯೊಂದನ್ನು ಲಿಂಕ್ 1929ರಲ್ಲಿ ಸಿದ್ಧಪಡಿಸಿದರು. ವಿಮಾನ ಶಾಲೆಗಳು ಅದನ್ನು ಗಂಭೀರವಾಗಿ ಪರಿಗಣಿಸಲಿಲ್ಲ. ಮೊದಲಿಗೆ ಅದು ಮಾರಾಟವಾದದ್ದು ಮನರಂಜನಾ ಉದ್ಯಾನಗಳಿಗೆ, ಜಾತ್ರೆಯ ತೊಟ್ಟಿಲಿನ ಸಾಲಿಗೆ.

1934ರಲ್ಲಿ ಅಮೆರಿಕದ ಸೇನೆ ಅಂಚೆ ಸಾಗಣೆಯ ಹೊಣೆ ಹೊತ್ತುಕೊಂಡಾಗ, ಮಂಜು-ಮೋಡಗಳಲ್ಲಿ ಉಪಕರಣಗಳನ್ನು ನೋಡಿ ಹಾರಲು ಬಾರದೆ ಕೆಲವೇ ವಾರಗಳಲ್ಲಿ ಹತ್ತಕ್ಕಿಂತ ಹೆಚ್ಚು ಚಾಲಕರು ಮಡಿದರು. ಆ ಬಳಿಕವಷ್ಟೇ ಸೇನೆ ಲಿಂಕ್ ಅವರ ಆರು ಪೆಟ್ಟಿಗೆಗಳನ್ನು ತಲಾ 3,500 ಡಾಲರಿಗೆ ಖರೀದಿಸಿತು. ಎರಡನೇ ಮಹಾಯುದ್ಧ ಮುಗಿಯುವಷ್ಟರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆಗಳು ತಯಾರಾಗಿದ್ದವು. ಬೆಂಗಳೂರಿನಲ್ಲಿ ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಸಂಸ್ಥೆಗಳು ಜಂಟಿಯಾಗಿ ಕಟ್ಟಿದ ಹೆಲಿಕಾಪ್ಟರ್ ಸಿಮ್ಯುಲೇಟರ್ ಕೇಂದ್ರ ಅದೇ ವಂಶದ್ದು.

ವೈದ್ಯಕೀಯದಲ್ಲಿಯೂ ಇಂತಹುದೇ ಕಥೆಯಿದೆ. ನಾರ್ವೆಯ ಸ್ಟಾವಂಗರ್ ಪಟ್ಟಣದ ಆಸ್ಮಂಡ್ ಲೇರ್ಡಾಲ್ ಶುಭಾಶಯ ಪತ್ರ ಹಾಗೂ ಮರದ ಆಟಿಕೆಗಳ ವ್ಯಾಪಾರಿ. ಮುಂದೆ ಮೆದು ಪ್ಲಾಸ್ಟಿಕ್ಕಿನ ಗೊಂಬೆಗಳಿಗೆ ಹೆಸರಾದವರು. ಉಸಿರು ನಿಂತವರಿಗೆ ಕೃತಕ ಉಸಿರಾಟ ನೀಡುವುದನ್ನು ಕಲಿಸಲು ಆಳೆತ್ತರದ ಗೊಂಬೆಯೊಂದು ಬೇಕೆಂದು ವೈದ್ಯರು ಕೇಳಿದಾಗ ಅವರು 1960ರಲ್ಲಿ ‘ರಿಸಸಿ ಆ್ಯನ್’ ಎಂಬ ಗೊಂಬೆಯನ್ನು ಹೊರತಂದರು. ಇಂದು ಪ್ರಥಮ ಚಿಕಿತ್ಸೆಯ ತರಗತಿಗಳಲ್ಲಿ ಎದೆ ಒತ್ತುವುದನ್ನು ಕಲಿಸುವ ಗೊಂಬೆಗಳಿಗೆ ಅದೇ ಮೂಲ. ಎಲುಬಿನ ಶಸ್ತ್ರವೈದ್ಯರು ದಶಕಗಳಿಂದ ಕೊರೆದು, ಕೊಯ್ದು ಅಭ್ಯಾಸ ಮಾಡುತ್ತಿರುವ ‘ಸಾಬೋನ್ಸ್’ ಎಂಬ ಕೃತಕ ಎಲುಬುಗಳನ್ನು ತಯಾರಿಸುವುದು ಕೂಡ ಅಮೆರಿಕದ ವಾಷನ್ ಎಂಬ ಪುಟ್ಟ ದ್ವೀಪದ ಕಾರ್ಖಾನೆಯೇ.

ಕನ್ನಡಕದ ಒಳಗೆ

ವರ್ಚುವಲ್ ರಿಯಾಲಿಟಿ ಈ ಸರಣಿಯ ಇತ್ತೀಚಿನ ಕೊಂಡಿ. ಕಣ್ಣು ಪೂರ್ತಿ ಮುಚ್ಚುವ ದೊಡ್ಡ ಕನ್ನಡಕವೊಂದನ್ನು ತಲೆಗೆ ಕಟ್ಟಿಕೊಂಡರೆ ಎದುರಿಗೆ ಶಸ್ತ್ರಚಿಕಿತ್ಸಾ ಕೊಠಡಿಯೇ ತೆರೆದುಕೊಳ್ಳುತ್ತದೆ. ತಲೆ ತಿರುಗಿಸಿದರೆ ನೋಟವೂ ತಿರುಗುತ್ತದೆ. ಕೈಯಲ್ಲಿ ಹಿಡಿದ ಎರಡು ನಿಯಂತ್ರಕಗಳು ಆ ಲೋಕದಲ್ಲಿ ಡ್ರಿಲ್ಲೂ ಸುತ್ತಿಗೆಯೂ ಆಗುತ್ತವೆ. ಯಾವ ಉಪಕರಣವನ್ನು ಯಾವ ಕ್ರಮದಲ್ಲಿ ಎತ್ತಿಕೊಳ್ಳಬೇಕು, ಎಲ್ಲಿ ಗುರಿಯಿಡಬೇಕು ಎಂಬುದನ್ನು ವಿದ್ಯಾರ್ಥಿ ಎಷ್ಟು ಸಲ ಬೇಕಾದರೂ ಮಾಡಿ ನೋಡಬಹುದು. ತಪ್ಪು ಎಷ್ಟಾಯಿತು, ಸಮಯ ಎಷ್ಟು ಹಿಡಿಯಿತು, ಕ್ಷ-ಕಿರಣ ಚಿತ್ರ ಎಷ್ಟು ಬಾರಿ ತೆಗೆಯಲಾಯಿತು ಎಂಬ ಲೆಕ್ಕವನ್ನು ಯಂತ್ರವೇ ಒಪ್ಪಿಸುತ್ತದೆ. ಹಿಂದೆ ಇಂತಹ ವ್ಯವಸ್ಥೆಗೆ ಕೊಠಡಿ ತುಂಬುವ ದುಬಾರಿ ಯಂತ್ರಗಳು ಬೇಕಾಗಿದ್ದವು. ಆಟದ ಮಾರುಕಟ್ಟೆಗಾಗಿ ಕನ್ನಡಕಗಳು ಲಕ್ಷಗಟ್ಟಲೆ ತಯಾರಾಗತೊಡಗಿ, 2019ರ ಹೊತ್ತಿಗೆ ಪ್ರತ್ಯೇಕ ಗಣಕಯಂತ್ರದ ಹಂಗಿಲ್ಲದ ಮಾದರಿಗಳೂ ಬಂದ ಮೇಲೆ ಕನ್ನಡಕದ ಬೆಲೆ ಕೆಲವು ಹತ್ತು ಸಾವಿರ ರೂಪಾಯಿಗಳಿಗೆ ಇಳಿಯಿತು. ಇಲ್ಲಿಯೂ ಮೊದಲು ಆಟ, ಆಮೇಲೆ ಪಾಠ.

ಇದರಿಂದ ಕೈ ನಿಜವಾಗಿ ಪಳಗುತ್ತದೆಯೇ? ಈ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ಬಂದದ್ದು 2002ರಲ್ಲಿ, ಯೇಲ್ ವಿಶ್ವವಿದ್ಯಾಲಯದ ಪ್ರಯೋಗವೊಂದರಿಂದ. ಅದು ಎಲುಬಿನದಲ್ಲ, ಪಿತ್ತಕೋಶದ ಶಸ್ತ್ರಚಿಕಿತ್ಸೆ. ಕನ್ನಡಕವೂ ಇರಲಿಲ್ಲ, ಗಣಕದ ಪರದೆಯಷ್ಟೇ. ತರಬೇತಿಯಲ್ಲಿದ್ದ 16 ವೈದ್ಯರಲ್ಲಿ ಅರ್ಧ ಜನರಿಗೆ ಯಂತ್ರದ ಮೇಲೆ ಅಭ್ಯಾಸ ಕೊಡಲಾಯಿತು. ಬಳಿಕ ನಿಜವಾದ ರೋಗಿಗಳಲ್ಲಿ ಅವರು ಕೆಲಸವನ್ನು ಶೇ. 29ರಷ್ಟು ಬೇಗ ಮುಗಿಸಿದರು. ಅಭ್ಯಾಸವಿಲ್ಲದವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಸುಡಬಾರದ ಭಾಗವನ್ನು ಸುಡುವ ಸಂಭವ ಐದು ಪಟ್ಟು ಹೆಚ್ಚಾಗಿತ್ತು.

ಎಲುಬಿನ ವಿಷಯಕ್ಕೆ ಬಂದರೆ, ಮೇಲೆ ವಿವರಿಸಿದ ಕಣಕಾಲಿನ ರಾಡ್ ಹಾಕುವ ಕ್ರಿಯೆಯನ್ನೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ವಿಭಾಗದಲ್ಲಿ ಪರೀಕ್ಷಿಸಲಾಯಿತು. 2020ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 20 ವೈದ್ಯ ವಿದ್ಯಾರ್ಥಿಗಳ ಪೈಕಿ ಒಂದು ಗುಂಪು ಮುದ್ರಿತ ಕೈಪಿಡಿ ಓದಿತು. ಇನ್ನೊಂದು ಕನ್ನಡಕದಲ್ಲಿ ಅಭ್ಯಾಸ ಮಾಡಿತು. ಆಮೇಲೆ ಎರಡೂ ಗುಂಪುಗಳು ಕೃತಕ ಎಲುಬಿನ ಮೇಲೆ ರಾಡ್ ಹಾಕಿದವು. ಕೈಪಿಡಿ ಓದಿದವರು ಹಂತಗಳಲ್ಲಿ ಶೇ. 25ನ್ನು ಸರಿಯಾಗಿ ಪೂರೈಸಿದರೆ ಕನ್ನಡಕದವರು ಶೇ. 63ನ್ನು ಪೂರೈಸಿದರು. ಬಳಸಿದ ತಂತ್ರಾಂಶ ಓಸೊ ವಿಆರ್ ಎಂಬ ಕಂಪನಿಯದು. 2016ರಲ್ಲಿ ಅದನ್ನು ಸ್ಥಾಪಿಸಿದ ಜಸ್ಟಿನ್ ಬರಾಡ್ ಸ್ವತಃ ಎಲುಬಿನ ಶಸ್ತ್ರವೈದ್ಯರು.

ಲೆಕ್ಕ ಪರಿಶೋಧನೆಯ ಕಣ್ಣಿಗೆ ಇಲ್ಲಿ ಕೆಲವು ಸಂಗತಿಗಳು ಬೀಳದೆ ಇರವು. ಬರಾಡ್ ಅವರು ಶಸ್ತ್ರಚಿಕಿತ್ಸೆ ಕಲಿತದ್ದೂ ಅದೇ ಲಾಸ್ ಏಂಜಲಿಸ್ ವಿಶ್ವವಿದ್ಯಾಲಯದಲ್ಲಿ. ಪ್ರಯೋಗಕ್ಕೆ ಒಳಪಟ್ಟವರು ಇಪ್ಪತ್ತೇ ಮಂದಿ, ಅವರೂ ಎಳೆಯ ವಿದ್ಯಾರ್ಥಿಗಳು. ಪರೀಕ್ಷೆ ನಡೆದದ್ದು ಕೃತಕ ಎಲುಬಿನ ಮೇಲೆ. ಕಂಪನಿಯ ಪ್ರಚಾರದಲ್ಲಿ ‘ಶೇ. 230ರಷ್ಟು ಸುಧಾರಣೆ’ ಎಂಬ ಮಾತು ಮೆರೆಯುತ್ತದೆ. ತಳಹದಿ ಸಣ್ಣದಿದ್ದಾಗ ಶೇಕಡಾವಾರು ಹೇಗೆ ಉಬ್ಬುತ್ತದೆಂಬುದು, ಮೊದಲ ವರ್ಷದ ವಹಿವಾಟನ್ನು ಎರಡನೇ ವರ್ಷದೊಂದಿಗೆ ಹೋಲಿಸಿ ಬ್ಯಾಂಕಿಗೆ ಪ್ರಾಜೆಕ್ಟ್ ರಿಪೋರ್ಟ್ ಕೊಟ್ಟ ಯಾರಿಗೂ ಗೊತ್ತು.

ಅಷ್ಟಾದರೂ ಕೈಪಿಡಿಗಿಂತ ಕೈಗೆಲಸ ಮೇಲು ಎಂಬ ಫಲಿತಾಂಶವನ್ನು ತಳ್ಳಿಹಾಕಲು ಕಾರಣವಿಲ್ಲ. ಕೆನಡಾದ ವ್ಯಾಂಕೂವರಿನಲ್ಲಿ ಶಸ್ತ್ರವೈದ್ಯ ಡ್ಯಾನಿ ಗೋಯಲ್ 2017ರಲ್ಲಿ ಆರಂಭಿಸಿದ ಪ್ರಿಸಿಷನ್ ಓಎಸ್ ಸಂಸ್ಥೆಯ ತಂತ್ರಾಂಶವನ್ನು ಹಿರಿಯ ತರಬೇತಿ ವೈದ್ಯರ ಮೇಲೆ ಪ್ರಯೋಗಿಸಿದಾಗ, ಕನ್ನಡಕದಲ್ಲಿ ಕಳೆದ 60 ನಿಮಿಷ ನಿಜವಾದ ತರಬೇತಿಯ ಸುಮಾರು 47 ನಿಮಿಷಕ್ಕೆ ಸಮ ಎಂದು 2020ರಲ್ಲಿ ವರದಿಯಾಯಿತು. ಈ ಸಂಸ್ಥೆ ಕೈಜೋಡಿಸಿರುವ ಇನ್ನೊಂದು ಕೆಲಸ ನಮ್ಮಂತಹ ಪ್ರದೇಶಕ್ಕೆ ಹೆಚ್ಚು ಹತ್ತಿರದ್ದು. ವಿಯೆಟ್ನಾಂ ಯುದ್ಧಕಾಲದಲ್ಲಿ ಸೇವೆ ಸಲ್ಲಿಸಿದ ಲೂಯಿಸ್ ಜಿರ್ಕಲ್ ಎಂಬ ಶಸ್ತ್ರವೈದ್ಯರು 1999ರಲ್ಲಿ ಸ್ಥಾಪಿಸಿದ ‘ಸೈನ್’ ಸಂಸ್ಥೆ, ಸಿ-ಆರ್ಮ್ ಇಲ್ಲದ ಬಡ ಆಸ್ಪತ್ರೆಗಳಲ್ಲಿಯೂ ಹಾಕಬಹುದಾದ ರಾಡನ್ನು ತನ್ನದೇ ಕಾರ್ಖಾನೆಯಲ್ಲಿ ತಯಾರಿಸಿ ಹಿಂದುಳಿದ ದೇಶಗಳಿಗೆ ಒದಗಿಸುತ್ತದೆ. ಆ ರಾಡ್ ಹಾಕುವ ವಿಧಾನವನ್ನು ದೂರದ ವೈದ್ಯರಿಗೆ ಕನ್ನಡಕದ ಮೂಲಕ ಕಲಿಸಲು ಎರಡೂ ಸಂಸ್ಥೆಗಳು ಜೊತೆಗೂಡಿವೆ.

ಕನ್ನಡಕಕ್ಕೊಂದು ದೊಡ್ಡ ಕೊರತೆಯೂ ಇದೆ. ಅದು ಕಣ್ಣಿಗೆ ತೋರಿಸುತ್ತದೆ, ಕೈಗೆ ತೋರಿಸುವುದಿಲ್ಲ. ಆಚೆಯ ಪದರ ಬಿಟ್ಟಾಗ ಡ್ರಿಲ್ ಕೊಡುವ ಆ ಜರ್ಕು, ತಂತಿ ಎಲುಬಿಗೆ ತಾಗಿದಾಗಿನ ಬಿಗುವು, ಇವು ನಿಯಂತ್ರಕದ ಕಂಪನದಲ್ಲಿ ಸರಿಯಾಗಿ ಬರುವುದಿಲ್ಲ. ಸ್ಪರ್ಶವನ್ನು ಯಂತ್ರದಲ್ಲಿ ಹುಟ್ಟಿಸುವ ಹ್ಯಾಪ್ಟಿಕ್ಸ್ ಎಂಬ ವಿದ್ಯೆ ಬೇರೆಯೇ ಇದೆ. ಹೆಮ್ಮೆಯ ಸಂಗತಿಯೆಂದರೆ, ಈ ವಿದ್ಯೆಯಲ್ಲಿ ಕರ್ನಾಟಕ ಹಿಂದುಳಿದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಜಿ.ಕೆ. ಅನಂತಸುರೇಶ್ ಅವರ ಯಂತ್ರವಿನ್ಯಾಸ ಪ್ರಯೋಗಾಲಯದ ಸಂಶೋಧನೆಯಿಂದ ಮೂಡಿದ ಮಿಮಿಕ್ ಎಂಬ ನವೋದ್ಯಮ, ಎಂಡೋಸ್ಕೋಪಿ ಕಲಿಯುವ ವೈದ್ಯರಿಗಾಗಿ ಸ್ಪರ್ಶಾನುಭವ ನೀಡುವ ಸಿಮ್ಯುಲೇಟರನ್ನು ನಿರ್ಮಿಸಿದೆ. ಅದು ಅನ್ನನಾಳ, ಜಠರಗಳಿಗೆ ಸಂಬಂಧಪಟ್ಟದ್ದು, ಎಲುಬಿಗಲ್ಲ. ಆದರೂ ಕೊಳವೆ ತಳ್ಳುವ ಕೈಗೆ ಒಳಗಿನ ಪ್ರತಿರೋಧವನ್ನು ತಿಳಿಸುವ ತಂತ್ರ ಕರ್ನಾಟಕದಲ್ಲಿಯೇ ಸಿದ್ಧವಾಗಿದೆ ಎಂಬುದನ್ನು ಗಮನಿಸಬೇಕು.

ಕಲಬುರಗಿಯ ಖಾತೆ

ಕಲಬುರಗಿ ನಗರವೊಂದರಲ್ಲಿಯೇ ನಾಲ್ಕು ವೈದ್ಯಕೀಯ ಕಾಲೇಜುಗಳಿವೆ. 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪುರೆ ಕಾಲೇಜು, ಖಾಜಾ ಬಂದಾನವಾಜ್ ಸಂಸ್ಥೆಯ ಕಾಲೇಜು, ಸರ್ಕಾರದ ಜಿಮ್ಸ್ ಹಾಗೂ ಸೇಡಂ ರಸ್ತೆಯ ಇಎಸ್‌ಐ ಕಾಲೇಜು. ಪ್ರತಿ ವೈದ್ಯಕೀಯ ಕಾಲೇಜಿನಲ್ಲಿ ಕೌಶಲ್ಯ ಪ್ರಯೋಗಾಲಯವಿರಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2020ರ ಕನಿಷ್ಠ ಮಾನದಂಡಗಳಲ್ಲಿ ವಿಧಿಸಿತು. ಗೊಂಬೆ, ಮಾದರಿಗಳಿಗೆ ಅಲ್ಲಿ ಸ್ಥಳವಿದೆ. ಎಲುಬಿನ ಶಸ್ತ್ರಚಿಕಿತ್ಸೆಗೆ ವರ್ಚುವಲ್ ರಿಯಾಲಿಟಿ ಬೇಕೆಂಬ ಕಡ್ಡಾಯವೇನೂ ಇಲ್ಲ.

ಈ ನಾಲ್ಕರಲ್ಲಿ ಇಎಸ್‌ಐ ಕಾಲೇಜಿನ ಸ್ಥಿತಿ ಬೇರೆ. ಅದು ನಡೆಯುವುದು ಮಾಲೀಕರು, ಕೆಲಸಗಾರರು ತಿಂಗಳು ತಿಂಗಳು ಕಟ್ಟುವ ವಂತಿಗೆಯ ಹಣದಿಂದ. 2019ರ ಜುಲೈಯಿಂದ ಮಾಲೀಕರ ಪಾಲು ವೇತನದ ಶೇ. 3.25, ಕೆಲಸಗಾರರ ಪಾಲು ಶೇ. 0.75. ತಲಾ 15,000 ರೂ. ವೇತನದ ಹನ್ನೆರಡು ಮಂದಿಯಿರುವ ಘಟಕವೊಂದು ತಿಂಗಳಿಗೆ 5,850 ರೂ., ಅದರ ಕೆಲಸಗಾರರು 1,350 ರೂ., ಒಟ್ಟಿನಲ್ಲಿ ವರ್ಷಕ್ಕೆ 86,400 ರೂ. ಕಟ್ಟುತ್ತಾರೆ. ಹೀಗೆ ಹಣ ಕಟ್ಟುವವರು ತಮ್ಮ ವೈದ್ಯರು ಹೇಗೆ ಕಲಿಯುತ್ತಾರೆ ಎಂದು ಕೇಳುವುದು ದಾಕ್ಷಿಣ್ಯದ ವಿಷಯವಲ್ಲ.

ಖರ್ಚಿನ ಅಂದಾಜು ಹೇಗಿರಬಹುದು? ಕೆಳಗಿನ ಅಂಕಿಗಳು ಯಾವ ಕಂಪನಿಯ ದರಪಟ್ಟಿಯೂ ಅಲ್ಲ, ಲೆಕ್ಕದ ರೀತಿಯನ್ನು ತೋರಿಸಲು ಹಿಡಿದ ಊಹೆಗಳು. ಎರಡು ಕನ್ನಡಕ, ಗಣಕಯಂತ್ರ, ಪರದೆ ಸೇರಿ ಬಂಡವಾಳ 4 ಲಕ್ಷ ರೂ. ಎಂದಿರಲಿ. ಕಂಪನಿ ಕಾಯ್ದೆಯ ಎರಡನೇ ಅನುಸೂಚಿ ಇಂತಹ ಸಾಧನಗಳಿಗೆ ಮೂರು ವರ್ಷದ ಆಯುಷ್ಯ ಕೊಡುತ್ತದೆ. ಆದ್ದರಿಂದ ವಾರ್ಷಿಕ ಸವಕಳಿ ಸುಮಾರು 1.33 ಲಕ್ಷ ರೂ. ತಂತ್ರಾಂಶದ ವಾರ್ಷಿಕ ಪರವಾನಗಿ 6 ಲಕ್ಷ, ನಿರ್ವಾಹಕರೊಬ್ಬರ ವೇತನ ಹಾಗೂ ಇತರೆ 3 ಲಕ್ಷ. ಒಟ್ಟು ವರ್ಷಕ್ಕೆ 10.33 ಲಕ್ಷ ರೂ. ಎರಡೂ ಕನ್ನಡಕಗಳು ದಿನಕ್ಕೆ ನಾಲ್ಕು ಗಂಟೆಯಂತೆ 250 ದಿನ ದುಡಿದರೆ 2,000 ಗಂಟೆ. ಗಂಟೆಗೆ ಸುಮಾರು 517 ರೂ. ಅದೇ ಯಂತ್ರ ವರ್ಷಕ್ಕೆ 200 ಗಂಟೆ ಮಾತ್ರ ಓಡಿದರೆ ಗಂಟೆಗೆ ಸುಮಾರು 5,167 ರೂ.

ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿಯೇ ಇಡೀ ವಿಷಯ ಅಡಗಿದೆ. ಇಲ್ಲಿ ಯಂತ್ರದ ಬೆಲೆ ಮುಖ್ಯವಲ್ಲ, ಅದರ ಓಟ ಮುಖ್ಯ. ನಾಲ್ಕು ಕಾಲೇಜುಗಳು ನಾಲ್ಕು ಕಡೆ ಒಂದೊಂದು ಯಂತ್ರ ಕೊಂಡು ಬಟ್ಟೆ ಹೊದಿಸಿ ಇಡುವುದಕ್ಕಿಂತ, ಒಂದೇ ಕಡೆ ಇಟ್ಟು ನಾಲ್ಕೂ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸರದಿ ಹಚ್ಚುವುದು ಲಾಭಕರ. ಜಿನ್ನಿಂಗ್ ಗಿರಣಿಯಿಂದ ಹಿಡಿದು ವೇ ಬ್ರಿಜ್ಜಿನವರೆಗೆ ಹಂಚಿಕೊಂಡು ಬಳಸುವ ರೂಢಿಯಿರುವ ವರ್ತಕರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಹಣದ ಮೂಲವೂ ದೂರವಿಲ್ಲ. ವಾಡಿ, ಸೇಡಂ, ಚಿತ್ತಾಪುರ ಭಾಗದ ದೊಡ್ಡ ಸಿಮೆಂಟ್ ಕಂಪನಿಗಳು ಕಂಪನಿ ಕಾಯ್ದೆಯ 135ನೇ ಕಲಮಿನಂತೆ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕು. ಆರೋಗ್ಯ ಮತ್ತು ಶಿಕ್ಷಣ ಎರಡೂ ಏಳನೇ ಅನುಸೂಚಿಯಲ್ಲಿವೆ. ಆದರೆ ಒಂದು ಎಚ್ಚರಿಕೆ. ದಾನಿಗಳಿಗೆ ರಿಬ್ಬನ್ ಕತ್ತರಿಸಲು ಯಂತ್ರ ಬೇಕು, ಪ್ರತಿ ವರ್ಷ ಬರುವ ಪರವಾನಗಿಯ ಬಿಲ್ಲು ಯಾರಿಗೂ ಬೇಡ. ಮೇಲಿನ ಅಂದಾಜಿನಲ್ಲಿ ವಾರ್ಷಿಕ ಖರ್ಚಿನ ಬಹುಭಾಗ ಆ ಬಿಲ್ಲೇ. ಅದಕ್ಕೆ ಹಣವಿಲ್ಲದಿದ್ದರೆ ಎರಡನೇ ವರ್ಷ ಕನ್ನಡಕ ಅಲಮಾರಿಗೆ ಸೇರುವುದು ಖಚಿತ. ನಿಯಮಗಳ ಪ್ರಕಾರ ಮುಂದುವರಿಯುವ ಯೋಜನೆಯನ್ನು ಆರಂಭದ ವರ್ಷ ಬಿಟ್ಟು ಮೂರು ವರ್ಷಗಳವರೆಗೆ ನಡೆಸಲು ಅವಕಾಶವಿದೆ. ಕನ್ನಡಕದ ಆಯುಷ್ಯವೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಒಪ್ಪಂದವನ್ನು ಆ ಅವಧಿಗೇ ಮಾಡಿಕೊಳ್ಳುವುದು ವಿವೇಕ.

ಸಣ್ಣ ಉತ್ಪಾದಕರಿಗೂ ಇಲ್ಲಿ ಕೆಲಸವಿದೆ. ಕನ್ನಡಕ ಹಂತಗಳನ್ನು ಕಲಿಸುತ್ತದೆ. ಸ್ಪರ್ಶಕ್ಕೆ ಇಂದಿಗೂ ಕೃತಕ ಎಲುಬೇ ಬೇಕು, ಮತ್ತು ಒಮ್ಮೆ ಕೊರೆದ ಎಲುಬು ಮತ್ತೆ ಬಾರದು. ಗಟ್ಟಿ ಹೊರಪದರ, ಮೆದು ಒಳಭಾಗವಿರುವ ಫೋಮ್ ಅಚ್ಚು, ಅದನ್ನು ಬಿಗಿದು ಹಿಡಿಯುವ ಶಿಕಂಜೆ, ಡ್ರಿಲ್ ಎಷ್ಟು ಆಳಕ್ಕೆ ನುಗ್ಗಿತೆಂದು ಅಳೆಯುವ ಸರಳ ಸಲಕರಣೆ, ಇವು ಪ್ಲಾಸ್ಟಿಕ್ ಅಚ್ಚಿನ ಘಟಕಕ್ಕೋ ಫ್ಯಾಬ್ರಿಕೇಷನ್ ಶೆಡ್ಡಿಗೋ ಮೀರಿದ ವಸ್ತುಗಳಲ್ಲ. ರೋಗಿಯ ಮೈಯೊಳಗೆ ಹೋಗುವ ರಾಡ್, ಸ್ಕ್ರೂಗಳಿಗೆ ಅನ್ವಯಿಸುವ ಕಟ್ಟುನಿಟ್ಟಿನ ವೈದ್ಯಕೀಯ ಸಾಧನಗಳ ಪರವಾನಗಿಯ ಗೊಡವೆ ಪಾಠಕ್ಕೆ ಬಳಸುವ ಮಾದರಿಗಿಲ್ಲ. ಮಾರುಕಟ್ಟೆ ಸಣ್ಣದು ನಿಜ. ಆರಂಭಿಸುವವರು ಮೊದಲು ಎಲುಬಿನ ವಿಭಾಗದ ಒಬ್ಬ ಪ್ರಾಧ್ಯಾಪಕರನ್ನು ಕಂಡು, ಇಂತಹ ಹತ್ತು ಮಾದರಿ ಕೊಟ್ಟರೆ ಕೊರೆದು ನೋಡಿ ದೋಷ ಹೇಳುವಿರಾ ಎಂದು ಕೇಳುವುದು ಒಳ್ಳೆಯದು. ಲೇರ್ಡಾಲ್ ಅವರ ಬಳಿಗೆ ವೈದ್ಯರೇ ಬಂದಿದ್ದರು. ಇಲ್ಲಿ ಉತ್ಪಾದಕರೇ ಹೋಗಬೇಕಾದೀತು.

ಇಎಸ್‌ಐ ಆಸ್ಪತ್ರೆಗಳ ಅಭಿವೃದ್ಧಿ ಸಮಿತಿಗಳಲ್ಲಿ ಮಾಲೀಕರ ಪ್ರತಿನಿಧಿಗಳಿಗೂ ಸ್ಥಾನವಿದೆ. ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಕೆಲವೇ: ಕೌಶಲ್ಯ ಪ್ರಯೋಗಾಲಯದಲ್ಲಿ ಎಲುಬಿನ ವಿಭಾಗಕ್ಕೆ ಏನೇನಿದೆ, ಕಳೆದ ವರ್ಷ ಅದು ಎಷ್ಟು ಗಂಟೆ ಬಳಕೆಯಾಯಿತು, ವಿದ್ಯಾರ್ಥಿ ಮೊದಲ ರೋಗಿಯ ಕಾಲಿಗೆ ಡ್ರಿಲ್ ಹಿಡಿಯುವ ಮುನ್ನ ಎಷ್ಟು ಕೃತಕ ಎಲುಬುಗಳನ್ನು ಕೊರೆದಿರಬೇಕೆಂಬ ನಿಯಮವಿದೆಯೇ. ಉತ್ತರವನ್ನು ಬರಹದಲ್ಲಿ ಪಡೆಯುವುದು ಲೇಸು.